ಸಾವಿನ ಮನೆಯ ಬಾಗಿಲು: ಚಿಟಗುಪ್ಪ ಪರಿಸರದಲ್ಲಿ ಶೋಕ, ಆರೈಕೆ ಮತ್ತು ಸಮುದಾಯ

ಬೀದರ್ ಜಿಲ್ಲೆಯ ಚಿಟಗುಪ್ಪವು ಬಸವಕಲ್ಯಾಣ ಮತ್ತು ಹುಮನಾಬಾದ್‌ಗಳ ನೆರೆಯಲ್ಲಿರುವ ಊರು. ನಿಜಾಮರ ಕಾಲದಲ್ಲಿ ಪಾಯ್ಗಾ ಜಹಗೀರಿಗೆ ಸೇರಿದ್ದ ಇದು 1956ರಲ್ಲಿ ಮೈಸೂರು ರಾಜ್ಯದ ಭಾಗವಾಯಿತು. ಬಹುಕಾಲ ಹುಮನಾಬಾದ್ ತಾಲ್ಲೂಕಿನಲ್ಲಿದ್ದು, 2017ರಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿತು. ಈ ಸೀಮೆಯ ಕೋಟೆ, ಗೋರಿ, ಶಾಸನಗಳ ಬಗೆಗೆ ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳ ಅಳತೆಯೂ ಲಭ್ಯವಿದೆ. ಆದರೆ ಸಾಮಾನ್ಯನೊಬ್ಬನು ತೀರಿಕೊಂಡಾಗ ಅವನ ಹೆಂಡತಿ ಮಕ್ಕಳ ಕೈಹಿಡಿದವರು ಯಾರು ಎಂಬುದಕ್ಕೆ ಅಂತಹ ದಾಖಲೆಯಿಲ್ಲ. ಅದನ್ನು ತತ್ತ್ವ, ಆಚರಣೆ ಹಾಗೂ ಚದುರಿದ ಮಾಹಿತಿಗಳಿಂದ ಜೋಡಿಸಿಕೊಳ್ಳಬೇಕಾಗುತ್ತದೆ.

ಈ ದೃಷ್ಟಿಯಿಂದ ಹನ್ನೆರಡನೆಯ ಶತಮಾನದ ಕಲ್ಯಾಣದ ಒಂದು ನಿಲುವು ವಿಶೇಷವಾಗಿ ಗಮನಾರ್ಹ. ಶರಣರು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ನಿರಾಕರಿಸಿದರು. ಇದನ್ನು ಸಾಮಾನ್ಯವಾಗಿ ವೈದಿಕ ಕರ್ಮಠತೆಯ ವಿರೋಧವೆಂದಷ್ಟೇ ವಿವರಿಸಲಾಗುತ್ತದೆ. ಅದರ ಲೌಕಿಕ ಫಲ ಬೇರೆಯೇ ಆಗಿದೆ. ಸೂತಕವೆಂದರೆ ಸಾವು ನಡೆದ ಮನೆಯನ್ನು ಇತರರಿಂದ ಬೇರ್ಪಡಿಸುವ ಗೆರೆ. ಆ ಮನೆಯ ನೀರು, ಒಲೆ, ಸ್ಪರ್ಶ ಎಲ್ಲವೂ ಕೆಲವು ದಿನ ವರ್ಜ್ಯ. ಗೆರೆಯನ್ನು ಅಳಿಸಿದಾಗ ನೆರೆಯವರು ಒಳಗೆ ಬಂದು ಕೂರುವುದಕ್ಕೆ, ಅಳುವ ಕೂಸನ್ನು ಎತ್ತಿಕೊಳ್ಳುವುದಕ್ಕೆ ತಡೆ ಉಳಿಯುವುದಿಲ್ಲ. ಲಿಂಗಾಯತರ ಮನೆಗಳಲ್ಲಿ ಶವವನ್ನು ಕುಳ್ಳಿರಿಸಿ, ಊರವರೆಲ್ಲ ಸೇರಿ ಭಜನೆ ಮಾಡುತ್ತ ಸಮಾಧಿಗೆ ಒಯ್ಯುವ ಪದ್ಧತಿಯಲ್ಲಿ ಈ ತೆರೆದ ಬಾಗಿಲಿನ ಗುರುತು ಕಾಣುತ್ತದೆ. ಶೋಕದ ಮನೆಯಲ್ಲಿ ಒಲೆ ಹಚ್ಚದಿರುವಾಗ ಬಂಧುಗಳೂ ನೆರೆಯವರೂ ರೊಟ್ಟಿ ಪಲ್ಯ ತಂದು, ಒಲ್ಲೆನೆಂದವರಿಗೂ ಒತ್ತಾಯದಿಂದ ಉಣಿಸುವುದು ಉತ್ತರ ಕರ್ನಾಟಕದ ಹಲವು ಜಾತಿಗಳಲ್ಲಿ ರೂಢಿಯಲ್ಲಿದೆ.

ತತ್ತ್ವವು ಪೂರ್ಣವಾಗಿ ಆಚರಣೆಗೆ ಇಳಿಯಿತೆಂದು ಮಾತ್ರ ಹೇಳಲಾಗದು. ಪಂಚಸೂತಕಗಳಲ್ಲಿ ಜಾತಿಸೂತಕವೂ ಒಂದಾಗಿದ್ದರೂ, ಸಾವಿನ ಸುದ್ದಿಯನ್ನು ಊರೂರಿಗೆ ಒಯ್ದವರು, ಹಲಗೆ ಬಾರಿಸಿದವರು, ಕುಣಿ ತೋಡಿದವರು ದಲಿತರೇ. ಅನ್ಯರ ಶೋಕಕ್ಕೆ ದುಡಿದ ಆ ಕೇರಿಯಲ್ಲಿ ಸಾವಾದಾಗ ಊರಿನ ರೊಟ್ಟಿ ಅಲ್ಲಿಗೆ ಹೋದದ್ದು ವಿರಳ. ಹರಳಯ್ಯ, ಮಧುವರಸರ ಮರಣದಂಡನೆಯನ್ನು ವಿಸ್ತರಿಸಿ ಹೇಳುವ ಪರಂಪರೆ ಕೂಡ ಅವರ ಮನೆಗಳಲ್ಲಿ ಉಳಿದವರ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ.

ಇದೇ ನೆಲದ ಮುಸ್ಲಿಂ ಕುಟುಂಬಗಳಲ್ಲಿ ನೆರವಿನ ಕಟ್ಟಳೆ ಇನ್ನಷ್ಟು ಸ್ಪಷ್ಟವಾಗಿದೆ. ಮೂತಾ ಯುದ್ಧದಲ್ಲಿ ಮಡಿದ ಜಾಫರರ ಮನೆಯವರಿಗೆ ಅಡುಗೆ ಮಾಡಿ ಕೊಡುವಂತೆ ಪ್ರವಾದಿಯವರು ಹೇಳಿದರೆಂಬ ಹದೀಸ್ ಇದಕ್ಕೆ ಆಧಾರ. ಮೂರನೆಯ ದಿನದ ಜಿಯಾರತ್, ನಲವತ್ತನೆಯ ದಿನದ ಚೆಹಲುಮ್‌ಗಳು ಬಂಧುಬಳಗವನ್ನು ಮತ್ತೆ ಮತ್ತೆ ಆ ಮನೆಗೆ ಕರೆತರುತ್ತವೆ. ವಿಧವೆಯ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಆಕೆ ಹೊರಗೆ ಹೋಗದಿರುವ ಈ ಅವಧಿಯಲ್ಲಿ ಸಂತೆ, ದಿನಸಿ, ಮಕ್ಕಳ ಹೊಣೆ ಬಂಧುಗಳ ಮೇಲೆ ಬೀಳುತ್ತದೆ. ಮೊಹರಂನ ಅಲಾಯಿ ಕುಣಿತ ಮತ್ತು ಕನ್ನಡದ ರಿವಾಯತ್ ಪದಗಳಲ್ಲಿ ಹಿಂದೂಗಳೂ ಕರ್ಬಲೆಯ ತಾಯಂದಿರ, ಮಕ್ಕಳ ದುಃಖವನ್ನು ಹಾಡಿದರು. ಅನ್ಯರ ಸಾವಿಗೆ ಒಟ್ಟಾಗಿ ಅಳುವ ಅಭ್ಯಾಸ ಈ ಭಾಗಕ್ಕಿತ್ತು.

ಈ ಅಭ್ಯಾಸ ಮುರಿದುಬಿದ್ದ ವರ್ಷ 1948. ಅದೇ ಮೇ 9ರಂದು ಬಸವಕಲ್ಯಾಣ ಭಾಗದ ಗೋರಟಾದಲ್ಲಿ ರಜಾಕಾರರ ದಾಳಿಗೆ 200ಕ್ಕೂ ಹೆಚ್ಚು ಜನ ಬಲಿಯಾದರು. ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಮುಸ್ಲಿಮರ ಹತ್ಯೆಗಳು ನಡೆದವು. ಪಂಡಿತ ಸುಂದರಲಾಲ್ ಸಮಿತಿಯು ಸಂಸ್ಥಾನದಲ್ಲಿ ಹೀಗೆ ಸತ್ತವರನ್ನು 27,000ದಿಂದ 40,000 ಎಂದು ಅಂದಾಜಿಸಿ, ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳನ್ನು ಅತಿ ಹೆಚ್ಚು ನೊಂದವೆಂದು ಗುರುತಿಸಿತು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. ಗೋರಟಾದಲ್ಲಿ ಹುತಾತ್ಮ ಸ್ಮಾರಕ ಉದ್ಘಾಟನೆಯಾದದ್ದು 2023ರಲ್ಲಿ. ಒಂದೇ ವರ್ಷದ ಈ ಎರಡು ಶೋಕಗಳನ್ನು ಬೇರೆ ಬೇರೆ ಚರಿತ್ರೆಗಳಾಗಿ ಓದುತ್ತ ಬಂದಿರುವುದರಿಂದ, ಎರಡೂ ಕಡೆಯ ವಿಧವೆಯರು ಮತ್ತು ತಬ್ಬಲಿ ಮಕ್ಕಳು ಬದುಕಿದ ಬಗೆಯು ಸಂಶೋಧನೆಯ ವಸ್ತುವಾದದ್ದು ಅಪರೂಪ. ಆ ಕಾಲದ ನೆನಪುಳ್ಳವರ ಸಂಖ್ಯೆ ಈಗ ತೀರ ಕಡಿಮೆ.

ಸಾಂಪ್ರದಾಯಿಕ ನೆರವಿನ ಮಿತಿ ಮಕ್ಕಳ ವಿಷಯದಲ್ಲಿ ಎದ್ದು ಕಾಣುತ್ತದೆ. ರೊಟ್ಟಿಯ ಬುಟ್ಟಿ ಬರುವುದು ಕೆಲವೇ ದಿನ. ಮಗು ಬೆಳೆಯಬೇಕಾದುದು ಹಲವು ವರ್ಷ. ಈ ಅಂತರವನ್ನು ತುಂಬಿದವುಗಳಲ್ಲಿ ಭಾಲ್ಕಿ ಹಿರೇಮಠಕ್ಕೆ ಹಿರಿಯ ಸ್ಥಾನವಿದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರು 1999ರಲ್ಲಿ ಲಿಂಗೈಕ್ಯರಾದರು. ಅವರ ಉತ್ತರಾಧಿಕಾರಿ ಬಸವಲಿಂಗ ಪಟ್ಟದ್ದೇವರು ತೊರೆದು ಹೋದ ಶಿಶುಗಳನ್ನು ಮಠದ ಆಶ್ರಯದಲ್ಲಿ ಸಾಕಿದರು. ಮಠದ ಕೆಲಸವೆಂದರೆ ಕನ್ನಡವೊಂದೇ ಎಂದು ನೆನೆಯುವವರು ಈ ತೊಟ್ಟಿಲುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮತ್ತೊಂದು ಮಿತಿ ಸಾವಿಗೆ ಮುಂಚಿನದು. ಆಚರಣೆಗಳೆಲ್ಲ ಉಸಿರು ನಿಂತ ಮೇಲೆ ಆರಂಭವಾಗುತ್ತವೆ. ಹಾಸಿಗೆ ಹಿಡಿದ ಅತ್ತೆಯನ್ನೋ ಗಂಡನನ್ನೋ ವರ್ಷಗಟ್ಟಲೆ ನೋಡಿಕೊಂಡ ಹೆಣ್ಣಿಗೆ ಯಾವ ವಿಧಿಯಲ್ಲೂ ಸ್ಥಾನವಿಲ್ಲ. ಆಕೆಯ ದುಡಿಮೆಗೆ ಒಂದು ಹೆಸರೂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಹೆಚ್ಚಿನ ಆಸರೆ ಬೇಕಾದವರಿಗಾಗಿ ಆರೈಕೆದಾರರ ಭತ್ಯೆಯನ್ನು ಹೆಸರಿಸಿತು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನೆರೆಯ ಕಲಬುರಗಿಯಲ್ಲಿ. ಶರಣರು ಅಳಿಸಿದ ಗೆರೆಯನ್ನು ಸೋಂಕಿನ ಭಯ ಮತ್ತೆ ಎಳೆಯಿತು. ಶವ ಮನೆಗೆ ಬರಲಿಲ್ಲ, ನೆರೆಯವರೂ ಬರಲಿಲ್ಲ. ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ನೀಡುವ ಬಾಲಸೇವಾ ಯೋಜನೆಯನ್ನು ರಾಜ್ಯ ಸರ್ಕಾರ 2021ರಲ್ಲಿ ಪ್ರಕಟಿಸಿತು. ಆದರೆ ಅದು ಕೋವಿಡ್‌ಗೆ ಸೀಮಿತವಾಗಿತ್ತು. ಅದೇ ಓಣಿಯಲ್ಲಿ ಕ್ಷಯದಿಂದಲೋ ಅಪಘಾತದಿಂದಲೋ ತಂದೆಯನ್ನು ಕಳೆದುಕೊಂಡ ಮಗುವಿಗೆ ಕೇಂದ್ರದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವವೇ ದಾರಿ: ತಿಂಗಳಿಗೆ 4,000 ರೂಪಾಯಿ, ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000. ಈ ನೆರವಿನ ಕಡತಗಳನ್ನು ನೋಡಿಕೊಳ್ಳುವ ಮಕ್ಕಳ ರಕ್ಷಣಾ ಘಟಕವಿರುವುದು ಜಿಲ್ಲಾ ಕೇಂದ್ರವಾದ ಬೀದರಿನಲ್ಲಿ. ಇದ್ದತ್‌ನಲ್ಲಿರುವ ತಾಯಿಯೂ, ಕೂಲಿ ಬಿಡಲಾರದ ಅಜ್ಜಿಯೂ ಅಲ್ಲಿಗೆ ಹೋಗಲು ಓಣಿಯವರನ್ನೇ ಕೇಳಬೇಕಾಗುತ್ತದೆ.