ಮಗುವಿನ ಮಾತಿಗೆ ಶಾಲೆಯಲ್ಲಿ ಜಾಗ

ಶಿಕ್ಷಣದ ಇತಿಹಾಸವೆಂದರೆ ಆಯೋಗಗಳ ಮತ್ತು ಕಾನೂನುಗಳ ಇತಿಹಾಸವೆಂದು ನಾವೆಲ್ಲ ಬಿ.ಎಡ್. ತರಗತಿಯಲ್ಲಿ ಓದಿ ಪರೀಕ್ಷೆ ಬರೆದವರು. ಆ ಇತಿಹಾಸ ಕಡೂರು, ತರೀಕೆರೆ, ಅಜ್ಜಂಪುರದ ನಮ್ಮ ಮಕ್ಕಳ ನಾಲಿಗೆಯ ಮೇಲೂ ಇದೆ ಎಂಬುದು ನನಗೆ ತಿಳಿದದ್ದು ಪಾಠ ಮಾಡಲು ತೊಡಗಿದ ಮೇಲೆ.

ಮೂರನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತುಂಬ ಪ್ರಶ್ನೆ ಕೇಳುವವಳು. ಉರ್ದು ಪಿರಿಯಡ್‌ನಲ್ಲಿ ಅವಳು 'ಕೈಕು' ಎಂದರೆ 'ಕ್ಯೂಂ' ಎನ್ನಬೇಕೆಂದು ತಿದ್ದುತ್ತಿದ್ದೆ. 'ನಕ್ಕೊ' ಎಂದರೆ ಅದು ಒಳ್ಳೆಯ ಉರ್ದು ಅಲ್ಲ ಎನ್ನುತ್ತಿದ್ದೆ. ಕನ್ನಡ ಪಿರಿಯಡ್‌ನಲ್ಲಿ ಅವಳ ಕನ್ನಡವನ್ನು ತಿದ್ದುತ್ತಿದ್ದೆ. ಕೆಲವೇ ತಿಂಗಳಲ್ಲಿ ಅವಳು ಪ್ರಶ್ನೆ ಕೇಳುವುದನ್ನೇ ಬಿಟ್ಟಳು. ಎರಡು ಭಾಷೆ ಕಲಿಸುವ ನಾನು ಒಂದು ಮಗುವಿನ ಬಾಯಿಯನ್ನು ಎರಡು ಕಡೆಯಿಂದಲೂ ಮುಚ್ಚಿಸಿದ್ದೆ. ಇದು ಹೇಗಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೋಬಳಿ ಶಾಲೆಯಿಂದ ಇಂದಿನವರೆಗೆ

ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1868ರಲ್ಲಿ, ಬಿ.ಎಲ್. ರೈಸ್ ಅವರ ಹೋಬಳಿ ಶಾಲೆಗಳ ಯೋಜನೆ ಬಂದಿತು. ಹೋಬಳಿಗೊಂದು ಶಾಲೆ, ಅದರಲ್ಲಿ ಕನ್ನಡ ಓದು, ಬರಹ, ಲೆಕ್ಕ. ಹಳ್ಳಿಗೆ ಶಾಲೆ ತಂದ ದೊಡ್ಡ ಹೆಜ್ಜೆ ಅದು. ಆದರೆ ಮನೆಯಲ್ಲಿ ಬೇರೆ ಮಾತಾಡುವ ಮಗು ಆ ಶಾಲೆಯಲ್ಲಿ ಮೊದಲ ದಿನದಿಂದಲೇ ಹೊರಗಿನವನಂತೆ ಕೂರಬೇಕಾಗಿತ್ತು.

1882ರಲ್ಲಿ ನೇಮಕಗೊಂಡ ಹಂಟರ್ ಆಯೋಗ ಮುಸ್ಲಿಮರ ಶಿಕ್ಷಣದ ಬಗ್ಗೆ ಪ್ರತ್ಯೇಕ ಶಿಫಾರಸುಗಳನ್ನೇ ಮಾಡಿತು. ಮುಸ್ಲಿಂ ಮಕ್ಕಳ ಪ್ರಾಥಮಿಕ ಶಾಲೆಗಳಲ್ಲಿ ಹಿಂದೂಸ್ತಾನಿ ಮುಖ್ಯ ಮಾಧ್ಯಮವಾಗಿರಲಿ, ಅವರ ಸಾಂಪ್ರದಾಯಿಕ ಶಾಲೆಗಳಿಗೆ ಲೌಕಿಕ ವಿಷಯಗಳನ್ನು ಸೇರಿಸಿಕೊಳ್ಳಲು ಪ್ರೋತ್ಸಾಹ ಸಿಗಲಿ ಎಂದಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಸಿಗುವಂತೆ ದಾರಿ ಮಾಡಿತು. ಆ ಸಮುದಾಯಗಳಲ್ಲಿ ಮುಸ್ಲಿಮರೂ ಸೇರಿದ್ದರು. ಸ್ವಾತಂತ್ರ್ಯಾನಂತರ, 1956ರಲ್ಲಿ, ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣದಲ್ಲೇ ತೀರ್ಪು ನೀಡಿ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು.

ಇವೆಲ್ಲವೂ ಮುಖ್ಯ ಘಟ್ಟಗಳು. ಶಾಲೆ, ಹುದ್ದೆ, ಹಕ್ಕು ಎಲ್ಲವೂ ಹೋರಾಟದಿಂದಲೇ ದೊರೆತವು. ಆದರೆ ಒಂದು ಮಾತು ಗಮನಾರ್ಹ. ಎಲ್ಲ ಕಡೆಯೂ ಚರ್ಚೆ ನಡೆದದ್ದು ಪಠ್ಯಪುಸ್ತಕದ ಭಾಷೆ ಯಾವುದಿರಬೇಕು ಎಂಬುದರ ಬಗ್ಗೆ. ಮಗು ಮನೆಯಲ್ಲಿ ನಿಜವಾಗಿ ಆಡುವ ಮಾತು ಯಾವುದೆಂದು ಕೇಳಿದವರು ಕಡಿಮೆ.

ದಖನಿ ಕೀಳು ಮಾತಲ್ಲ

ನಮ್ಮ ಭಾಗದ ಹೆಚ್ಚಿನ ಮುಸ್ಲಿಂ ಮನೆಗಳ ಮಾತು ದಖನಿ. ಅದು ಕೆಟ್ಟುಹೋದ ಉರ್ದು ಎಂಬ ತಪ್ಪು ಕಲ್ಪನೆ ನಮ್ಮಲ್ಲೇ ಬೇರೂರಿದೆ. ನಿಜ ಸಂಗತಿ ಬೇರೆ. ಉತ್ತರದಲ್ಲಿ ಉರ್ದು ಕಾವ್ಯ ಬೆಳಗುವ ಮೊದಲೇ ನಮ್ಮ ಕರ್ನಾಟಕದ ವಿಜಯಪುರದಲ್ಲಿ ದಖನಿ ಆಸ್ಥಾನದ ಸಾಹಿತ್ಯ ಭಾಷೆಯಾಗಿತ್ತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಷಾ 'ಕಿತಾಬ್-ಎ-ನವರಸ್' ಎಂಬ ಹಾಡುಗಳ ಕೃತಿ ರಚಿಸಿದ್ದು ದಖನಿಯಲ್ಲಿ. ನಾನು ತಿದ್ದಿದ ಹುಡುಗಿಯ ಮಾತಿಗೆ ಇಷ್ಟು ದೊಡ್ಡ ವಂಶಾವಳಿ ಇತ್ತು.

ಹಾಗೆಯೇ ಕನ್ನಡದ ಜಿಲ್ಲೆ, ತಾಲ್ಲೂಕು, ಅರ್ಜಿ, ವಕೀಲ, ಜಮೀನು, ರೈತ ಎಂಬ ಪದಗಳೆಲ್ಲ ಅರಬ್ಬಿ ಮತ್ತು ಫಾರ್ಸಿಯಿಂದ ಬಂದವು. ಅಜ್ಜಂಪುರ ಎಂದೊಡನೆ ನೆನಪಾಗುವುದು ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರ. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ ಇಟ್ಟ ಹೆಸರು ಅಮೃತ್ ಮಹಲ್. ಅಮೃತ ಸಂಸ್ಕೃತ, ಮಹಲ್ ಅರಬ್ಬಿ ಮೂಲದ್ದು. ನಮ್ಮೂರಿನ ದನಗಳ ಹೆಸರಿನಲ್ಲೇ ಎರಡು ಪರಂಪರೆಗಳು ಒಟ್ಟಿಗಿವೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ?

ತರಗತಿಯಲ್ಲಿ ಏನು ಮಾಡಬಹುದು

ಬ್ರೆಜಿಲ್ ದೇಶದ ಶಿಕ್ಷಣ ಚಿಂತಕ ಪೌಲೋ ಫ್ರೇರೆ 1963ರಲ್ಲಿ ಆಂಗಿಕೋಸ್ ಎಂಬ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ ಅಕ್ಷರ ಕಲಿಸಲು ಮುಂದಾದರು. ಅವರು ಆರಂಭಿಸಿದ್ದು ವರ್ಣಮಾಲೆಯಿಂದಲ್ಲ, ಆ ಜನರ ದಿನನಿತ್ಯದ ಪದಗಳಿಂದ. ಅಮೆರಿಕದ ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ 1990ರ ದಶಕದಲ್ಲಿ ಕಪ್ಪು ಮಕ್ಕಳ ಶಾಲೆಗಳನ್ನು ನೋಡಿ, ಮಗುವಿನ ಸಂಸ್ಕೃತಿಯನ್ನು ಕೊರತೆಯೆಂದು ಕಾಣದೆ ಕಲಿಕೆಯ ಆಧಾರವಾಗಿ ಬಳಸಬೇಕೆಂದರು. ನಮ್ಮ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಶಾಲೆಯ ಜ್ಞಾನ ಹೊರಗಿನ ಬದುಕಿಗೆ ಬೆಸೆದುಕೊಳ್ಳಬೇಕು ಎಂದಿದೆ.

ನಾನು ಮಾಡಿದ್ದು ಸಣ್ಣ ಪ್ರಯತ್ನ. ಆ ಹುಡುಗಿಯ ತಂದೆ ತೆಂಗಿನಕಾಯಿ ಸುಲಿಯುವವರು. ಒಂದು ದಿನ ಅವಳ ಮಾತಿನಲ್ಲೇ ಕೇಳಿದೆ: ನೂರು ಕಾಯಿಗೆ ಎಷ್ಟು ಕೂಲಿ, ದಿನಕ್ಕೆ ಎಷ್ಟು ಕಾಯಿ? ಅವಳು ಬೆರಳು ಮಡಚದೆ ಉತ್ತರ ಹೇಳಿದಳು. ಅದೇ ಉತ್ತರವನ್ನು ಬೋರ್ಡಿನ ಮೇಲೆ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಉರ್ದುವಿನಲ್ಲಿ ಬರೆದೆವು. ತಿದ್ದುವುದನ್ನು ನಾನು ನಿಲ್ಲಿಸಿಲ್ಲ. ಮೊದಲು ಕೇಳಿಸಿಕೊಂಡು ಆಮೇಲೆ ತಿದ್ದುತ್ತೇನೆ.

"ಮನೇಲಿ ಆಡೋ ಮಾತಿಗೆ ಸ್ಕೂಲ್ ಯಾಕೆ ಟೀಚರ್? ಇಂಗ್ಲಿಷ್ ಕಲಿಸಿ," ಎಂದು ಪೋಷಕರು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಮಗು ದಖನಿಯಲ್ಲೇ ಉಳಿಯಲಿ ಎಂದು ಯಾರೂ ಹೇಳುತ್ತಿಲ್ಲ. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಚೆನ್ನಾಗಿ ಬರಬೇಕು. ಆದರೆ ಬಾಯಿ ಮುಚ್ಚಿದ ಮಗು ಯಾವ ಭಾಷೆಯನ್ನೂ ಕಲಿಯದು. ನಮ್ಮ ನೆರೆಯ ಶಿವಮೊಗ್ಗದಲ್ಲೇ ಬಾನು ಮುಷ್ತಾಕ್ ಅವರನ್ನು ಎಂಟನೆಯ ವಯಸ್ಸಿನಲ್ಲಿ ಕನ್ನಡ ಶಾಲೆಗೆ ಸೇರಿಸಿಕೊಂಡದ್ದು ಆರು ತಿಂಗಳಲ್ಲಿ ಕನ್ನಡ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರು ಕನ್ನಡ ಕಲಿತರು, ಮನೆಯ ಮಾತನ್ನೂ ಬಿಡಲಿಲ್ಲ. ಅವರ ಕನ್ನಡ ಕಥೆಗಳೊಳಗೆ ದಖನಿ ಉರ್ದು ಸಹಜವಾಗಿ ಬರುತ್ತದೆ. ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೇ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಯ ದಾದಾ, ದಾದಿ, ನಾನಿಯರನ್ನು ಕೇಳಿ: ಅವರು ಎಷ್ಟನೇ ತರಗತಿಯವರೆಗೆ ಓದಿದರು, ಏಕೆ ಬಿಟ್ಟರು, ಯಾವ ಮಾತಿಗೆ ಶಾಲೆಯಲ್ಲಿ ನಗೆಪಾಟಲಾದರು? ಬರೆದಿಡಿ. ನಮ್ಮ ಮೂರು ಊರುಗಳ ಶಿಕ್ಷಣದ ನಿಜವಾದ ಇತಿಹಾಸ ಇನ್ನೂ ಅವರ ನೆನಪಿನಲ್ಲೇ ಇದೆ. ಸಹೋದ್ಯೋಗಿ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ತರಗತಿಯಲ್ಲಿ ಮೌನವಾಗಿ ಕೂತ ಮಗುವನ್ನು ದಡ್ಡನೆಂದು ತೀರ್ಮಾನಿಸುವ ಮುನ್ನ, ಅದರ ಮನೆಯ ಮಾತಿನಲ್ಲಿ ಒಂದು ಪ್ರಶ್ನೆ ಕೇಳಿ ನೋಡಿ.

ಆ ಹುಡುಗಿ ಈಗ ಮತ್ತೆ 'ಕೈಕು' ಎಂದು ಕೇಳುತ್ತಾಳೆ. ನಾನು ಮೊದಲು ಉತ್ತರ ಕೊಡುತ್ತೇನೆ.