ಕಂಠವೂ ವಿದ್ಯೆಯೂ: ಮೇರಿಯನ್ ಆಂಡರ್ಸನ್ನಳ ಆರಂಭದ ದಿನಗಳು

ಮಧುರವಾದ ಕಂಠವು ದೈವದತ್ತವೆಂದು ಹೇಳುವುದು ವಾಡಿಕೆ. ಆ ಕಂಠವು ವಿದ್ಯೆಯಾಗಿ ಪರಿಣಮಿಸಬೇಕಾದರೆ ಗುರು, ಕಾಲ, ಧನ, ಅವಕಾಶಗಳೂ ಬೇಕು. ಇವು ಮನುಷ್ಯರ ಕೈಯಲ್ಲಿರತಕ್ಕವು. ಮನುಷ್ಯರು ಇವನ್ನು ಕೊಡಲೊಲ್ಲದೆ ಹೋದರೆ ಕಂಠವುಳ್ಳವರ ಗತಿಯೇನು? ಅಮೆರಿಕಾ ದೇಶದ ಗಾಯಕಿಯಾದ ಮೇರಿಯನ್ ಆಂಡರ್ಸನ್ನಳ ಚರಿತ್ರೆಯ ಪೂರ್ವಭಾಗವು ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಯೋಗ್ಯವಾಗಿದೆ.

ಈಕೆಯು 1897ನೆಯ ಫೆಬ್ರವರಿ 27ರಂದು ಫಿಲಡೆಲ್ಫಿಯಾ ನಗರದ ಒಂದು ಬಡ ಕಪ್ಪುವರ್ಣೀಯರ ಕುಟುಂಬದಲ್ಲಿ ಹುಟ್ಟಿದಳು. ಆರು ವರ್ಷದ ಬಾಲೆಯಾಗಿದ್ದಾಗಲೇ ಯೂನಿಯನ್ ಬ್ಯಾಪ್ಟಿಸ್ಟ್ ಚರ್ಚಿನ ಗಾನವೃಂದವನ್ನು ಸೇರಿದಳು. ಆಕೆಯ ಸಹಜಕಂಠವು ಸ್ತ್ರೀಯರಲ್ಲಿ ವಿರಳವಾದ ಗಂಭೀರ ಮಂದ್ರಸ್ಥಾಯಿಯದು. ಆದರೂ ವೃಂದದಲ್ಲಿ ಯಾರಾದರೂ ಬಾರದಿದ್ದ ದಿನ ಅವರ ಭಾಗವನ್ನು, ಅದು ತಾರವಾಗಲಿ ಮಂದ್ರವಾಗಲಿ, ತಾನೇ ಹಾಡಬಲ್ಲವಳಾಗಿದ್ದಳು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆಯು ತೀರಿಕೊಂಡನು. ಮೂವರು ಹೆಣ್ಣುಮಕ್ಕಳ ಭಾರವನ್ನು ಹೊತ್ತ ತಾಯಿಯು ಪರರ ಬಟ್ಟೆಗಳನ್ನು ಒಗೆದು ಸಂಸಾರವನ್ನು ಸಾಗಿಸಿದಳು.

ಹದಿಹರೆಯದಲ್ಲಿ ಮೇರಿಯನ್ನಳು ತನ್ನ ಊರಿನ ಒಂದು ಸಂಗೀತಶಾಲೆಗೆ ಸೇರಬೇಕೆಂದು ಹೋಗಿ ಅರ್ಜಿಯವರ ಸಾಲಿನಲ್ಲಿ ನಿಂತಳು. ಅಲ್ಲಿದ್ದ ಗುಮಾಸ್ತೆಯು ಉಳಿದವರನ್ನೆಲ್ಲ ವಿಚಾರಿಸಿ ಕಳುಹಿಸಿದ ಮೇಲೆ, ವರ್ಣೀಯರನ್ನು ನಾವು ಸೇರಿಸಿಕೊಳ್ಳುವುದಿಲ್ಲವೆಂದು ಹೇಳಿಬಿಟ್ಟಳು. ಈಕೆಗೆ ಹಾಡಲು ಬರುವುದೇ ಎಂದು ಯಾರೂ ಕೇಳಲಿಲ್ಲ. ಆಗ ಚರ್ಚಿನ ಜನರು, ತಾವೂ ಬಡವರೇ ಆಗಿದ್ದರೂ, ಬಿಡಿಕಾಸುಗಳನ್ನು ಕೂಡಿಸಿ ನಿಧಿಯನ್ನು ಮಾಡಿ ಆಕೆಯ ಪಾಠಕ್ಕೆ ಏರ್ಪಡಿಸಿದರು. ಜುಸೆಪ್ಪೆ ಬೊಗೆಟ್ಟಿ ಎಂಬ ಪ್ರಸಿದ್ಧ ಶಿಕ್ಷಕನು ಇನ್ನು ಶಿಷ್ಯರಿಗೆ ಸ್ಥಳವಿಲ್ಲವೆಂದವನು, ಆಕೆಯ ಒಂದು ಹಾಡನ್ನು ಕೇಳಿದೊಡನೆ ಸ್ಥಳವನ್ನು ಮಾಡಿಕೊಟ್ಟನು. ಸಂಸಾರದ ತೊಂದರೆಯಿಂದ ನಡುವೆ ನಿಂತುಹೋಗಿದ್ದ ಶಾಲಾವಿದ್ಯೆಯನ್ನು ಆಕೆ ಮುಗಿಸಿದ್ದು 1921ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ.

ಪಾಶ್ಚಾತ್ಯರಲ್ಲಿ ಶಾಸ್ತ್ರೀಯ ಗಾಯಕರಿಗೆ ಎರಡು ರಂಗಗಳುಂಟು. ಒಂದು ಆಪೆರಾ, ಅಂದರೆ ವೇಷಧಾರಿಗಳು ವಾದ್ಯವೃಂದದೊಡನೆ ಹಾಡುತ್ತಲೇ ಕಥೆಯನ್ನು ನಡೆಸುವ ಗೇಯನಾಟಕ. ಇನ್ನೊಂದು ಪಿಯಾನೊ ಮೊದಲಾದ ಪಕ್ಕವಾದ್ಯಗಳೊಡನೆ ನಡೆಯುವ ಕಚೇರಿ. ಎರಡಕ್ಕೂ ಇಟಾಲಿಯನ್, ಜರ್ಮನ್, ಫ್ರೆಂಚ್ ಭಾಷೆಗಳ ಪರಿಚಯವು ಅವಶ್ಯಕ. ಬೊಗೆಟ್ಟಿಯು ಉಸಿರಿನ ನಿಯಮವನ್ನೂ ಸ್ವರಸ್ಥಾನಗಳನ್ನೂ ಆಪೆರಾದ ಗೀತಗಳನ್ನೂ ಆಕೆಗೆ ಕಲಿಸಿದನು. ಜರ್ಮನ್ ಗೀತಗಳನ್ನಾದರೋ ಆಕೆ ಬಹುಮಟ್ಟಿಗೆ ಉಚ್ಚಾರಣೆಯನ್ನು ಕೇಳಿಯೇ ಒಪ್ಪಿಸುತ್ತಿದ್ದಳು.

1924ರಲ್ಲಿ ನ್ಯೂಯಾರ್ಕಿನ ಟೌನ್ ಹಾಲಿನಲ್ಲಿ ಆಕೆಯ ಕಚೇರಿಯಾಯಿತು. ಸಭೆಯಲ್ಲಿ ಬರಿದಾದ ಪೀಠಗಳೇ ಹೆಚ್ಚಾಗಿದ್ದುವು. ಮರುದಿನದ ವಿಮರ್ಶಕರು, ಬ್ರಾಮ್ಸ್ ಎಂಬ ಸಂಗೀತರಚನಕಾರನ ಜರ್ಮನ್ ಗೀತಗಳನ್ನು ಆಕೆಯು ಬರಿಯ ಬಾಯಿಪಾಠದಂತೆ ಹಾಡಿದಳೆಂದು ಬರೆದರು. ಆಕೆ ಕುಗ್ಗಿಹೋಗಿ, ಹಾಡುವುದನ್ನೇ ಬಿಡಬೇಕೆಂದು ಕೆಲವು ಕಾಲ ಎಣಿಸಿದ್ದುಂಟು.

ವಿಮರ್ಶಕರ ಮಾತು ಸುಳ್ಳೆಂದು ಹೇಳಲಾಗದು. ಶ್ಲೋಕವನ್ನು ಅಕ್ಷರ ತಪ್ಪದೆ ಒಪ್ಪಿಸುವ ಬಾಲಕನು ಅನ್ವಯವನ್ನು ಕೇಳಿದೊಡನೆ ಮೌನವಾಗುವುದನ್ನು ಪಾಠಶಾಲೆಯಲ್ಲಿ ಕುಳಿತವರೆಲ್ಲರೂ ಕಂಡಿರುವರು. ಅರ್ಥವರಿಯದ ಪಾಠವು ಹೊರೆಯೇ ಸರಿ. ಆದರೆ ವಾಚಕರು ಒಂದು ವಿಷಯವನ್ನು ಯೋಚಿಸಬೇಕು. ಭಾಷೆಯನ್ನು ಕಲಿಸಬೇಕಾಗಿದ್ದ ಶಾಲೆಯು ಕದವನ್ನು ಮುಚ್ಚಿತು. ಕಲಿತಿಲ್ಲವೆಂಬ ದೂಷಣೆಯು ಕದದ ಹೊರಗೆ ನಿಂತವಳ ಮೇಲೆ ಬಿದ್ದಿತು. ಗುಮಾಸ್ತೆಯ ನಿರಾಕರಣೆಯೂ ವಿಮರ್ಶಕರ ನಿರಾಕರಣೆಯೂ ಒಂದೇ ಜಾತಿಯವಲ್ಲ. ಮೊದಲನೆಯದರಿಂದ ಕಲಿಯತಕ್ಕದ್ದು ಏನೂ ಇರಲಿಲ್ಲ, ಎರಡನೆಯದರಲ್ಲಿ ಪಾಠವಿತ್ತು. ಈ ಭೇದವನ್ನು ಗುರುತಿಸಿದುದೇ ಮೇರಿಯನ್ನಳ ವಿವೇಕ.

1925ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವಾದ್ಯವೃಂದದ ಸ್ಪರ್ಧೆಯಲ್ಲಿ ಗೆದ್ದು, ಆಗಸ್ಟ್ 26ರಂದು ಆ ವೃಂದದೊಡನೆ ಹಾಡಿ ಮೆಚ್ಚುಗೆಯನ್ನು ಪಡೆದಳು. ಆದರೂ ಸ್ವದೇಶದ ದೊಡ್ಡ ಸಭಾಮಂದಿರಗಳಿಂದ ಕರೆಗಳು ಹೆಚ್ಚಾಗಿ ಬರಲಿಲ್ಲ. 1927ರಲ್ಲಿ ಆಕೆ ಇಂಗ್ಲೆಂಡಿಗೆ ಹೊರಟಳು. ಅಲ್ಲಿ ರೈಮುಂಡ್ ಫಾನ್ ಟ್ಸುರ್ ಮ್ಯೂಲನ್ ಎಂಬ ವೃದ್ಧಗುರುವು ಆಕೆಯ ಜರ್ಮನ್ ಗೀತವನ್ನು ಕೇಳಿ, ಇದರ ಅರ್ಥವು ತಿಳಿದಿದೆಯೇ ಎಂದು ವಿಚಾರಿಸಿದನು. ಪದಶಃ ತಿಳಿಯದೆಂದು ಆಕೆ ನಾಚಿಕೊಂಡು ಹೇಳಲು, ತಿಳಿಯದುದನ್ನು ಹಾಡಬೇಡವೆಂದನು. ವ್ಯಾಧಿಗ್ರಸ್ತನಾದುದರಿಂದ ಆತನ ಪಾಠವು ಮುಂದುವರಿಯಲಿಲ್ಲ. ಆ ಒಂದು ಮಾತು ಮಾತ್ರ ಉಳಿಯಿತು. ರೋಸನ್‌ವಾಲ್ಡ್ ನಿಧಿಯ ವಿದ್ಯಾರ್ಥಿವೇತನವು ದೊರೆತೊಡನೆ ಆಕೆ ಬರ್ಲಿನ್ನಿಗೆ ಹೋಗಿ, ಒಂದು ಜರ್ಮನ್ ಕುಟುಂಬದಲ್ಲಿ ವಾಸಮಾಡಿ, ಮನೆಮಾತಿನಿಂದಲೇ ಭಾಷೆಯನ್ನು ಕಲಿತಳು. 1930ರಲ್ಲಿ ಅದೇ ನಗರದಲ್ಲಿ, ಆ ಗೀತಗಳ ಭಾಷೆಯವರ ಮುಂದೆಯೇ ಹಾಡಿದಳು.

ತರುವಾಯ ಕೋಸ್ಟಿ ವೆಹಾನೆನ್ ಎಂಬ ಫಿನ್ಲೆಂಡಿನ ಪಿಯಾನೊ ವಾದಕನೊಡನೆ ಉತ್ತರ ಯುರೋಪಿನಲ್ಲೆಲ್ಲ ಸಂಚರಿಸಿದಳು. 1935ರಲ್ಲಿ ಸಾಲ್ಟ್ಸ್‌ಬರ್ಗಿನಲ್ಲಿ ಆಕೆಯನ್ನು ಕೇಳಿದ ತೊಸ್ಕಾನೀನಿಯು, ಇಂಥ ಕಂಠವು ನೂರು ವರ್ಷಕ್ಕೊಮ್ಮೆ ಕೇಳಿಬರತಕ್ಕದ್ದೆಂದು ಕೊಂಡಾಡಿದನು. ಅದೇ ವರ್ಷದ ಡಿಸೆಂಬರ್ 30ರಂದು ಆಕೆ ನ್ಯೂಯಾರ್ಕಿನ ಅದೇ ಟೌನ್ ಹಾಲಿನಲ್ಲಿ ಮತ್ತೆ ನಿಂತಳು. ಹಡಗಿನಲ್ಲಿ ಬಿದ್ದು ಕಾಲಿನ ಮೂಳೆ ಮುರಿದಿತ್ತು. ಕಟ್ಟಿದ ಕಾಲನ್ನು ಉದ್ದವಾದ ಉಡುಪಿನಲ್ಲಿ ಮರೆಸಿ, ಪಿಯಾನೊವನ್ನು ಆನಿಕೊಂಡು ಹಾಡಿದಳು. ಹನ್ನೊಂದು ವರ್ಷಗಳ ಹಿಂದೆ ಸೋತ ಸ್ಥಳದಲ್ಲಿಯೇ ಗೆದ್ದಳು.

ಅಷ್ಟರಿಂದ ಎಲ್ಲ ಕದಗಳೂ ತೆರೆಯಲಿಲ್ಲ. 1939ರಲ್ಲಿ ವಾಷಿಂಗ್ಟನ್ನಿನ ಕಾನ್ಸ್ಟಿಟ್ಯೂಷನ್ ಹಾಲನ್ನು ಆಕೆಗೆ ಕೊಡಲು ಒಪ್ಪದಿರಲು, ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲುಗಳ ಮೇಲೆ ಸುಮಾರು 75,000 ಜನರ ಮುಂದೆ ಹಾಡಿದಳು. 1957ರಲ್ಲಿ ಏಷ್ಯಾ ಪ್ರವಾಸದಲ್ಲಿ ನಮ್ಮ ದೇಶಕ್ಕೂ ಬಂದಿದ್ದಳು; 1993ರಲ್ಲಿ ದಿವಂಗತಳಾದಳು. ಬೊಗೆಟ್ಟಿಯಿಂದ ಕಲಿತ ಆಪೆರಾದ ವಿದ್ಯೆಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ರಂಗಮಂದಿರದಲ್ಲಿ ಸ್ಥಳವು ದೊರೆತದ್ದು 1955ನೆಯ ಜನವರಿ 7ರಂದು, ವೆರ್ಡಿಯ ಗೇಯನಾಟಕವೊಂದರ ಉಲ್ರಿಕಾ ಪಾತ್ರದಲ್ಲಿ. ಅಲ್ಲಿ ಪಾತ್ರವಹಿಸಿದ ಕಪ್ಪುವರ್ಣೀಯರಲ್ಲಿ ಆಕೆಯೇ ಮೊದಲಿಗಳು. ಆಗ ಆಕೆಗೆ ಐವತ್ತೇಳು ವರ್ಷ. ಕಂಠದ ಪ್ರೌಢಕಾಲವು ಕಳೆದುಹೋಗಿತ್ತು.

ಕದವು ತೆರೆಯಿತೆಂದು ಸಂತೋಷಪಡುವವರು, ಅದು ಮುಚ್ಚಿದ್ದ ಕಾಲದಲ್ಲಿ ಲೋಕವು ಕೇಳದೆ ಹೋದ ಗಾನವನ್ನೂ ಲೆಕ್ಕಕ್ಕೆ ತರಬೇಕು. ನಮ್ಮ ಊರುಗಳಲ್ಲಿಯೂ ವಿದ್ಯೆಯನ್ನು ಬೇಡಿ ಬರುವ ಮಕ್ಕಳುಂಟು. ಅವರ ಕುಲವನ್ನು ಕೇಳುವುದಕ್ಕೆ ಮೊದಲು ಅವರ ಹಾಡನ್ನು ಕೇಳುವುದು ಉಚಿತ.