ಕೋಳಿಗೂಡಿನ ಬಿರುಕು

ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ 1889ರಲ್ಲಿ ಪುಣೆಯಲ್ಲಿ ಆರಂಭವಾದಾಗ ಅದರ ಮುಖ್ಯ ಚಿಂತೆ ದನಗಳನ್ನು ಹಿಂಡುಹಿಂಡಾಗಿ ಬಲಿತೆಗೆದುಕೊಳ್ಳುತ್ತಿದ್ದ ದೊಡ್ಡರೋಗದಂಥ ಪಿಡುಗುಗಳದ್ದಾಗಿತ್ತು. ಮುಂದೆ ಮುಕ್ತೇಶ್ವರಕ್ಕೂ ಇಜ್ಜತ್‌ನಗರಕ್ಕೂ ಹಬ್ಬಿದ ಆ ಸಂಸ್ಥೆಯಲ್ಲಿ ಕೋಳಿಗೆಂದೇ ಸಂಶೋಧನಾ ವಿಭಾಗ ಮೊದಲಾದದ್ದು 1939ರಲ್ಲಿ. ನಡುವಿನ ಅರ್ಧ ಶತಮಾನ, ಅದರ ಹಿಂದಿನ ಎಷ್ಟೋ ಶತಮಾನಗಳಂತೆಯೇ, ಹಿತ್ತಲ ಕೋಳಿಯ ವೈದ್ಯ ಮನೆಯ ಹೆಂಗಸರ ಕೈಯಲ್ಲಿತ್ತು.

ನನ್ನ ಅಜ್ಜಿಯ ಕೈಯನ್ನೇ ನೆನೆಯುತ್ತೇನೆ. ಕಾವಿಗೆ ಕೂರುವ ಕೋಳಿಯ ಬುಟ್ಟಿಗೆ ಅವಳು ಒಲೆಯ ಬೂದಿ ಹರಡಿ, ಮೇಲೆ ಲಕ್ಕಿಸೊಪ್ಪು ಹಾಸುತ್ತಿದ್ದಳು. ವರ್ಷಕ್ಕೊಮ್ಮೆ ಗೂಡಿನ ಗೋಡೆಯ ಬಿರುಕುಗಳಿಗೆ ಸಗಣಿ ಬೆರೆಸಿದ ಮಣ್ಣು ಮೆತ್ತಿ ಸುಣ್ಣ ಬಳಿಯುತ್ತಿದ್ದಳು. ಬೂದಿ ಔಷಧ, ಸುಣ್ಣ ಹಬ್ಬದ ಅಲಂಕಾರ ಎಂದು ನಾನು ತಿಳಿದಿದ್ದೆ. ಎರಡೂ ಔಷಧವೇ ಎಂದು ಅರಿಯಲು ಚರಿತ್ರೆಯನ್ನು ಓದಬೇಕಾಯಿತು.

ಬೂದಿಯ ಚರಿತ್ರೆ ಬಲು ಹಳೆಯದು. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ಲೇಖಕ ಕೊಲುಮೆಲ್ಲ ತನ್ನ ಕೃಷಿಗ್ರಂಥದ ಎಂಟನೆಯ ಭಾಗದಲ್ಲಿ, ಕೋಳಿಗಳು ಹೊರಳಾಡಿ ಗರಿಯನ್ನೂ ಚರ್ಮವನ್ನೂ ಸರಿಪಡಿಸಿಕೊಳ್ಳಲು ಒಣ ಧೂಳನ್ನೂ ಬೂದಿಯನ್ನೂ ಇಡಬೇಕೆಂದು ಹೇಳುತ್ತಾನೆ. ನುಣುಪಾದ ಪುಡಿ ಕೀಟದ ಮೈಮೇಲಿನ ಮೇಣದ ತೆಳುಪದರವನ್ನು ಕೆಡಿಸಿ ಅದರ ನೀರಿನಂಶವನ್ನು ಆರಿಸುತ್ತದೆ. ಕೋಳಿಹೇನು ಹುಟ್ಟಿನಿಂದ ಸಾವಿನವರೆಗೆ ಹಕ್ಕಿಯ ಮೈಮೇಲೆಯೇ ಇರುವುದರಿಂದ ಅದಕ್ಕೆ ಈ ಉಪಾಯ ನಾಟುತ್ತದೆ. ಗರಿಗಂಟಿದ ಸೀರುಗಳು ಒಡೆಯುವುದರಿಂದ ವಾರ ಹತ್ತು ದಿನಗಳಲ್ಲಿ ಮತ್ತೊಮ್ಮೆ ಮಾಡಬೇಕಷ್ಟೆ.

ಆದರೆ ಎಲ್ಲ ಪೀಡೆಯ ವಾಸವೂ ಹಕ್ಕಿಯ ಮೈಯಲ್ಲ. ಕೋಳಿಯ ಉಣುಗು ಹಗಲೆಲ್ಲ ಗೋಡೆಯ ಸಂದಿನಲ್ಲಿ ಅಡಗಿದ್ದು, ಇರುಳಲ್ಲಿ ಹೊರಬಂದು ರಕ್ತ ಹೀರಿ, ಬೆಳಗಾಗುವಷ್ಟರಲ್ಲಿ ಮರಳುತ್ತದೆ. ಹಗಲು ಕೋಳಿಯನ್ನು ಹಿಡಿದು ನೋಡಿದವರಿಗೆ ಬೆಳೆದ ಉಣುಗು ಕಾಣುವುದೇ ಅಪರೂಪ. ಆಹಾರವಿಲ್ಲದೆ ವರ್ಷಗಟ್ಟಲೆ ಬದುಕುವುದರಿಂದ ಗೂಡನ್ನು ಬರಿದು ಬಿಟ್ಟರೂ ಅದು ಸಾಯದು. ಮಾರ್ಷೂ ಮತ್ತು ಸಾಲಿಂಬೆನಿ ಎಂಬ ಸಂಶೋಧಕರು 1903ರಲ್ಲಿ ಬ್ರೆಜಿಲ್‌ನಲ್ಲಿ, ಕೋಳಿಗಳನ್ನು ಕೊಲ್ಲುವ ಒಂದು ಬಗೆಯ ಜ್ವರದ ಸುರುಳಿಯಾಕಾರದ ರೋಗಾಣುವನ್ನು ಹರಡುವುದು ಈ ಉಣುಗೇ ಎಂದು ತೋರಿಸಿದರು. ಅಂದಮೇಲೆ ಚಿಕಿತ್ಸೆ ಹಕ್ಕಿಗಿಂತ ಮೊದಲು ಗೋಡೆಗೆ ಸಲ್ಲಬೇಕಿತ್ತು.

ಇಷ್ಟು ತಿಳಿದಮೇಲೂ ಮನುಷ್ಯ ಸುಲಭದ ದಾರಿಯನ್ನೇ ಹುಡುಕಿದ. ಅಮೆರಿಕದ ರೈತರು ಕೋಳಿಗಳು ಕೂರುವ ಅಡ್ಡಗೋಲಿಗೆ ಮುಸ್ಸಂಜೆ ಹೊಗೆಸೊಪ್ಪಿನ ಸತ್ವವಾದ ನಿಕೋಟಿನ್ ಸಲ್ಫೇಟ್ ಬಳಿದರು. ಮೈಶಾಖಕ್ಕೆ ಅದು ಆವಿಯಾಗಿ ಹೇನುಗಳನ್ನು ಕೊಲ್ಲುತ್ತಿತ್ತು, ಬಳಿಯುವವನಿಗೂ ಅದು ವಿಷವೇ. ಇಜ್ಜತ್‌ನಗರದ ವಿಭಾಗ ಹುಟ್ಟಿದ ಅದೇ 1939ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಮ್ಯೂಲರ್ ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು ಕಂಡುಹಿಡಿದ. 1948ರಲ್ಲಿ ಅವನಿಗೆ ನೊಬೆಲ್ ಬಂತು. ಅದು ಕೊಬ್ಬಿನಲ್ಲಿ ಶೇಖರವಾಗಿ ಮೊಟ್ಟೆಗೂ ಇಳಿಯುತ್ತದೆಂಬ ಅರಿವು ತಡವಾಗಿ ಮೂಡಿತು; ನಮ್ಮ ದೇಶ ಕೃಷಿಯಲ್ಲಿ ಅದರ ಬಳಕೆಯನ್ನು ನಿಷೇಧಿಸಿದ್ದು 1989ರಲ್ಲಿ.

ಪಾಠ ಅಲ್ಲಿಗೂ ಮುಗಿಯಲಿಲ್ಲ. 2017ರಲ್ಲಿ ನೆದರ್ಲೆಂಡ್ಸಿನ ಕೋಳಿಫಾರಂಗಳಲ್ಲಿ, ಉಣುಗಿನಂತೆಯೇ ಹಗಲು ಬಿರುಕಿನಲ್ಲಿ ಅಡಗುವ ಕೆಂಪು ನುಸಿಯನ್ನು ನೀಗಿಸಲು ಸಿಂಪಡಿಸಿದ, ಸಸ್ಯಜನ್ಯವೆಂದು ಹೇಳಲಾಗಿದ್ದ ದ್ರಾವಣದಲ್ಲಿ ಫಿಪ್ರೊನಿಲ್ ಬೆರೆತಿತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಮೇಲೆ ಯುರೋಪಿನಲ್ಲಿ ಅದರ ಬಳಕೆಗೆ ಅನುಮತಿಯೇ ಇಲ್ಲ. ಯುರೋಪಿನಾದ್ಯಂತ ಲಕ್ಷಾಂತರ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಗೂಡಿಗೆ ಹಾಕಿದ್ದು ತಟ್ಟೆಗೆ ಬಂದಿತ್ತು. ಮಹಾನಗರಗಳಲ್ಲಿ ಹೆಚ್ಚು ಬೆಲೆ ಕೊಟ್ಟು ನಾಟಿಕೋಳಿಯ ಮೊಟ್ಟೆ ಕೊಳ್ಳುವ ನಾವು ಕೋಳಿ ಏನು ತಿಂದಿತೆಂದು ವಿಚಾರಿಸುತ್ತೇವೆ. ಅದರ ಗೂಡಿಗೆ ಏನು ಹೊಡೆದರೆಂದು ಕೇಳುವುದಿಲ್ಲ.

ಇದು ಅಜ್ಜಿಯ ಕಾಲವೇ ಚೆನ್ನಾಗಿತ್ತೆಂಬ ಹಂಬಲವಲ್ಲ. ಉಣುಗಿನ ಜ್ವರ ಹಿಡಿದ ಕೋಳಿಯನ್ನು ಬೂದಿ ಉಳಿಸಲಾರದು, ಪೆನಿಸಿಲಿನ್ ಉಳಿಸುತ್ತದೆ. ಆದರೆ ಜ್ವರ ಬಾರದಂತೆ ಕಾಯುವ ಕೆಲಸ ಗೋಡೆಯದು. ಒಂದು ವರ್ಷ ಅಜ್ಜಿ ನಮ್ಮೊಡನೆ ನಗರದಲ್ಲಿದ್ದಳು. ಊರಿನಲ್ಲಿ ಗೂಡಿಗೆ ಮಣ್ಣು ಮೆತ್ತುವವರಿರಲಿಲ್ಲ. ಆ ಬೇಸಗೆಯಲ್ಲಿ ಒಂದೇ ವಾರಕ್ಕೆ ಎಂಟು ಕೋಳಿಗಳು ಸತ್ತವು. ನೆರೆಯವರು ಮಾರಿಯ ಮುನಿಸೆಂದರು. ಊರಿಗೆ ಮರಳಿದ ಅಜ್ಜಿ ಮಾರಿಯನ್ನೂ ದೂರಲಿಲ್ಲ, ನಮ್ಮನ್ನೂ ದೂರಲಿಲ್ಲ. ಗೋಡೆಯನ್ನೊಮ್ಮೆ ಬೆರಳಿನಿಂದ ತಡವಿ ನೋಡಿ ಮಣ್ಣು ಕಲಸಲು ಕೂತಳು.